ಬರೆಗೆ ಗನೈಟಿಂಗ್ ಮಾಡಿಸ್ತಿದ್ದೀರಾ? ಕೆಲಸದ ದಿನ ಪಕ್ಕದಲ್ಲೇ ನಿಲ್ಲಿ

ಮಡಿಕೇರಿಯಲ್ಲಿ ನಮ್ಮ ಮನೆ ಹಿಂದೆ 20 ಅಡಿ ಎತ್ತರದ ಬರೆ ಇದೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ. 2018ರ ಕುಸಿತ ಕಂಡ ಮೇಲೆ ಜೋರು ಮಳೆ ಬಂದರೆ ಅಮ್ಮ ಹಿಂದಿನ ಕೋಣೆಯಲ್ಲಿ ಮಲಗುತ್ತಲೇ ಇರಲಿಲ್ಲ. ಅದಕ್ಕೇ ಸಾಲ ಮಾಡಿ ಗನೈಟಿಂಗ್ ಮಾಡಿಸಿದೆವು, ಅಂದರೆ ಬರೆಗೆ ಕಂಬಿಯ ಮೆಶ್ (ಬಲೆ) ಹಾಕಿ ಅದರ ಮೇಲೆ ಗಾಳಿಯ ಒತ್ತಡದಲ್ಲಿ ಸಿಮೆಂಟು-ಮರಳು ಹೊಡೆಯುವ ಕೆಲಸ. ಬಾಳಿದ್ದು ಒಂದೇ ಮಳೆಗಾಲ. ಮರುವರ್ಷ ಕಕ್ಕಡದ (ಜುಲೈ–ಆಗಸ್ಟ್‌ನ ಜೋರು ಮಳೆಯ ತಿಂಗಳು) ಒಂದು ಬೆಳಿಗ್ಗೆ ನೋಡಿದರೆ ಬಾಗಿಲಿನಷ್ಟು ದೊಡ್ಡ ಹಾಳೆ ಕಳಚಿ ಬಚ್ಚಲಮನೆ ಗೋಡೆಗೆ ಒರಗಿತ್ತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

ಮುರಿದ ತುಂಡು ಎತ್ತಿ ನೋಡಿದೆ. ಮೆಶ್ ಕಂಬಿಯ ಹಿಂದೆ ಟೊಳ್ಳು. ಉಗುರಿನಲ್ಲಿ ಕೆರೆದರೆ ಮರಳು ಉದುರುತ್ತಿತ್ತು.

ನಮ್ಮಲ್ಲಿ ಮಾಡಿದ್ದು ಒಣ ವಿಧಾನ. ಸಿಮೆಂಟು, ಮರಳು ಒಣದಾಗಿಯೇ ಗಾಳಿಯ ಒತ್ತಡಕ್ಕೆ ಪೈಪಿನಲ್ಲಿ ಬರುತ್ತವೆ. ನೀರು ಸೇರುವುದು ಪೈಪಿನ ಮೂತಿಯಲ್ಲಿ, ಅಂದರೆ ನಾಜಲ್ ತುದಿಯಲ್ಲಿ. ಎಷ್ಟು ನೀರು ಅನ್ನೋದು ನಾಜಲ್ ಹಿಡಿದವನ ಕೈಯಲ್ಲಿ. ಕಡಿಮೆಯಾದರೆ ದೂಳೆದ್ದು ಪುಟಿಯುತ್ತದೆ, ಜಾಸ್ತಿಯಾದರೆ ಜಾರಿ ಇಳಿಯುತ್ತದೆ. ಹಸಿ ವಿಧಾನದಲ್ಲಿ ನೀರು ಮೊದಲೇ ಕಲಸಿ ಪಂಪ್ ಮಾಡ್ತಾರೆ, ತುದಿಯಲ್ಲಿ ಗಾಳಿ ಮಾತ್ರ ಸೇರುತ್ತದೆ. ಒಣ ವಿಧಾನ ಕೆಟ್ಟದ್ದು ಅಂತ ಹೇಳ್ತಿಲ್ಲ. ಆದರೆ ಪಳಗಿದ ಕೈ ಬೇಕೇ ಬೇಕು.

ಅವತ್ತು ಪುಟಿದು ಬಿದ್ದ ಮಾಲು ಬುಡದಲ್ಲಿ ರಾಶಿ ಬಿದ್ದಿತ್ತು. ಹುಡುಗರು ಅದನ್ನೇ ಸಲಿಕೆಯಲ್ಲಿ ತುಂಬಿ ಮತ್ತೆ ಮೆಷಿನ್‌ಗೆ ಹಾಕಿದರು. "ಸುಮ್ನೆ ವೇಸ್ಟ್ ಆಗುತ್ತಲ್ವಾ ಅಕ್ಕಾ" ಅಂದ ಮೇಸ್ತ್ರಿ. ಉಳಿತಾಯವೇ ಅಲ್ವಾ ಅಂತ ನಾನೂ ತಲೆಯಾಡಿಸಿದೆ. ಆ ರಾಶಿಯಲ್ಲಿ ಮರಳೇ ಜಾಸ್ತಿ, ಸಿಮೆಂಟು ತೀರಾ ಕಡಿಮೆ. ಅದನ್ನು ಎಸೆಯಲೇಬೇಕು.

ನಾಜಲ್ ಗೋಡೆಗೆ ನೇರವಾಗಿ, ಒಂದು–ಒಂದೂವರೆ ಮೀಟರ್ ದೂರದಲ್ಲಿರಬೇಕು. ನಮ್ಮವರು ಸಾರುವೆಯನ್ನೇ ಕಟ್ಟಲಿಲ್ಲ. ನೆಲದಲ್ಲಿ ನಿಂತು ಓರೆಯಾಗಿ ಮೇಲಕ್ಕೆ ಹೊಡೆದರು. ಕಂಬಿ ಹಿಂದಿನ ಟೊಳ್ಳು ಹಾಗೇ ಉಳಿದದ್ದು. ಕ್ಯೂರಿಂಗ್‌ಗೆ, ಅಂದರೆ ಸಿಮೆಂಟು ಗಟ್ಟಿಯಾಗಲಿ ಅಂತ, ನೀರು ಹಾಕಿದ್ದು ಎರಡೇ ದಿನ.

ಎಲ್ಲಕ್ಕಿಂತ ದೊಡ್ಡ ತಪ್ಪು, ನೀರು ಹೊರಬರಲು ಒಂದೇ ಒಂದು ಪೈಪ್ ಬಿಟ್ಟಿರಲಿಲ್ಲ. ಕೊಡಗಿನ ಮಳೆ ಬರೆಯೊಳಗೆ ಇಳಿದು ಹಿಂದಿನಿಂದ ತಳ್ಳದೆ ಇರುತ್ತದಾ? ಗನೈಟಿಂಗ್ ಬರೀ ಮೇಲಿನ ಹೊದಿಕೆ. ಸಡಿಲ ಮಣ್ಣಾದರೆ ಒಳಗೆ ಉದ್ದದ ಕಂಬಿ ಹೊಡೆದು ಹಿಡಿಸಬೇಕು. ಎಷ್ಟು ಉದ್ದ, ಎಷ್ಟು ದೂರಕ್ಕೊಂದು ಅಂತ ಇಂಜಿನಿಯರ್ ಹೇಳಲಿ, ಮೇಸ್ತ್ರಿಯಲ್ಲ.

ದಯವಿಟ್ಟು ಕರಾರಿನಲ್ಲಿ ಐಎಸ್ 9012 (ಇಂಥ ಕೆಲಸಕ್ಕಿರುವ ಭಾರತೀಯ ಮಾನದಂಡ) ಪ್ರಕಾರ ಕೆಲಸ ಅಂತ ಬರೆಸಿ. ಕೊನೆಯ ಕಂತು ಕೊಡುವ ಮುಂಚೆ ಸುತ್ತಿಗೆ ಹಿಡಿದು ಅಡಿ ಅಡಿಗೂ ತಟ್ಟಿ. ಟಣ್ ಅಂದರೆ ಸರಿ. ಡಬ್ ಡಬ್ ಅಂದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಅಷ್ಟನ್ನೂ ಕಿತ್ತು ಮತ್ತೆ ಹೊಡೆಸಿ. ಎರಡನೇ ಸಲ ನಾನು ಹಾಗೇ ಮಾಡಿಸಿದೆ.