ಹಳೇ ಡೆಲ್ಕೋನ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ

ಹಳೇ ಕಾರು ಇಟ್ಟುಕೊಂಡವರು, ಅದರಲ್ಲೂ ಫಿಯಟ್ ಇಟ್ಟುಕೊಂಡವರು, ಇದನ್ನೊಮ್ಮೆ ಓದಿ. ಡೆಲ್ಕೋ ಅನ್ನುವ ಒಂದು ಇಂಜಿನ್ ಪಾರ್ಟ್‌ಗೆ ನನ್ನ ಕೈಯಿಂದ ಹೋದದ್ದು 8,500 ರೂಪಾಯಿ. ಆದರೆ ಹೊಟ್ಟೆ ಉರಿಯುತ್ತಿರುವುದು ದುಡ್ಡಿಗಲ್ಲ.

ನಮ್ಮದು 1984ರ ಪ್ರೀಮಿಯರ್ ಪದ್ಮಿನಿ. ಅಪ್ಪ ತೆಗೆದುಕೊಂಡ ಗಾಡಿ. ತುಮಕೂರಲ್ಲಿ ಯಾರೂ ಅದನ್ನು ಪದ್ಮಿನಿ ಅನ್ನುವುದಿಲ್ಲ ಬಿಡಿ, ಫಿಯಟ್ ಅಂತಲೇ. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಈಗ ಭಾನುವಾರ ಊರೊಳಗೆ ಒಂದು ಸುತ್ತು, ಅಷ್ಟೇ.

ಕೆಲವು ತಿಂಗಳ ಹಿಂದೆ ಬಿ.ಎಚ್. ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಇಂಜಿನ್ ಮಿಸ್ಸಿಂಗ್ ಹೊಡೆಯಲು, ಅಂದರೆ ತಡವರಿಸಲು, ಶುರುವಾಯಿತು. ಪ್ಲಗ್ ಬದಲಾಯಿಸಿದೆ, ಸಿಬಿ ಪಾಯಿಂಟ್ (ಕಿಡಿ ಹಾರಿಸಲು ಕರೆಂಟ್ ಕಡಿಯುವ ಸ್ವಿಚ್ಚು) ಬದಲಾಯಿಸಿದೆ, ಕಂಡೆನ್ಸರ್ ಬದಲಾಯಿಸಿದೆ. ಎರಡು ದಿನ ಸರಿ, ಮತ್ತೆ ಅದೇ ಕಥೆ. ಮನೆಗೆ ಹತ್ತಿರ ಅಂತ ಒಂದು ಗ್ಯಾರೇಜಿಗೆ ಬಿಟ್ಟೆ. "ಡೆಲ್ಕೋ ಹೋಗಿದೆ ಸಾರ್" ಅಂದ.

ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್. ಕಾಯಿಲ್‌ನಿಂದ ಬಂದ ಕರೆಂಟನ್ನು ನಾಲ್ಕು ಪ್ಲಗ್‌ಗಳಿಗೆ ಸರದಿಯಲ್ಲಿ ಹಂಚುವ ಡಬ್ಬಿ. ಅದರ ಕ್ಯಾಪು, ರೋಟರ್, ಪಾಯಿಂಟು ಈಗಲೂ ಸಿಗುತ್ತವೆ. ಬಾಡಿ ಮತ್ತು ಶಾಫ್ಟ್ ಮಾತ್ರ ಸಿಗುವುದಿಲ್ಲ. ಕಾರು ಮಾಡುವುದನ್ನೇ ನಿಲ್ಲಿಸಿ ಇಪ್ಪತ್ತು ವರ್ಷ ದಾಟಿದೆ, ಇನ್ನೆಲ್ಲಿಂದ ಬರಬೇಕು? ಒಂದು ದಿನ ರಜೆ ಹಾಕಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿದೆ. ಎಲ್ಲರೂ ಕ್ಯಾಪು ತೋರಿಸಿದರು. ಬಾಡಿ ಕೇಳಿದರೆ ನಕ್ಕರು.

ಬರಿಗೈಲಿ ವಾಪಸ್ ಬಂದರೆ ಗ್ಯಾರೇಜಿನವನ ಹತ್ತಿರ ಸಿಹಿಸುದ್ದಿ. "ನಮ್ಮ ಕಡೆಯವರ ಹತ್ರ ಒಂದು ಓಲ್ಡ್ ಸ್ಟಾಕ್ ಇದೆ ಸಾರ್. ಕಂಪನಿ ಪೀಸ್, ಬಾಕ್ಸ್ ಒಡೆದಿಲ್ಲ. ನಾಳೆ ಅಂದ್ರೆ ಇರಲ್ಲ." ಎಂಟೂವರೆ ಸಾವಿರ, ಕ್ಯಾಶ್. ನಾನು ಸಂಜೆಯೇ ಕೊಟ್ಟೆ. ಬಿಲ್ಲು ಕೇಳಲಿಲ್ಲ. ಬಾಕ್ಸನ್ನೂ ಕೇಳಲಿಲ್ಲ. ಗಾಡಿ ತರಲು ಹೋದಾಗ ಡೆಲ್ಕೋ ಇಂಜಿನ್ ಮೇಲೆ ಬೆಳ್ಳಿ ಥರ ಹೊಳೆಯುತ್ತಿತ್ತು. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಖುಷಿಯಲ್ಲಿ ಹಳೇದನ್ನು ಮರೆತು ಬಂದೆ. ತಪ್ಪು ಮಾಡಿದ್ದು ಅಲ್ಲೇ.

ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲಿಲ್ಲ. ಮೂರನೇ ಭಾನುವಾರ ಮನೆಯವರನ್ನೆಲ್ಲ ಹತ್ತಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ಬೆಟ್ಟ ಏರುತ್ತಿದ್ದ ಹಾಗೆ ಇಂಜಿನ್ ಕಟಕಟ ಅನ್ನಲು ಶುರು. ಆಕ್ಸಿಲೇಟರ್ ಒತ್ತಿದಷ್ಟೂ ಕಟಕಟ ಜಾಸ್ತಿ, ಪಿಕಪ್ ಕಮ್ಮಿ. ಹೀಟಿನ ಮುಳ್ಳು ಮೇಲೇರಿತು. ಅರ್ಧ ದಾರಿಯಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೋತಿಗಳಿಗೆ ಮನರಂಜನೆಯಾಗಿ ಒಂದು ಗಂಟೆ ಕೂತೆವು. ಅಮ್ಮ ಪೂಜೆಗೆ ಅಂತ ತಂದಿದ್ದ ಬಾಳೆಹಣ್ಣು ಅವುಗಳ ಪಾಲಾಯಿತು.

ಮಾರನೇ ದಿನ ಕ್ಯಾತ್ಸಂದ್ರದ ಕಡೆ ಇರುವ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅಪ್ಪನ ಕಾಲದವರು. ಬಾನೆಟ್ ಎತ್ತಿ ನೋಡಿದವರೇ ಕೇಳಿದರು: "ಹಳೇ ಡೆಲ್ಕೋ ಎಲ್ಲಪ್ಪಾ?"

ಕ್ಯಾಪು, ರೋಟರ್ ಬಿಚ್ಚಿದರು. ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರು. ಅಲುಗಾಡುವ ಹಲ್ಲಿನ ಹಾಗೆ ಅಲ್ಲಾಡಿತು. ಅದು ತಿರುಗಬೇಕು, ಪಕ್ಕಕ್ಕೆ ಆಡಬಾರದು. ಪಾಯಿಂಟಿನ ಗ್ಯಾಪ್ ಇರುವುದೇ ಸುಮಾರು ಅರ್ಧ ಮಿಲಿಮೀಟರ್. ಶಾಫ್ಟ್ ಆಡಿದರೆ ಆ ಗ್ಯಾಪ್ ಒಂದೊಂದು ಸಿಲಿಂಡರಿಗೆ ಒಂದೊಂದು ಥರ ಆಗುತ್ತದೆ. ಆಮೇಲೆ ರೋಟರ್ ಹಾಕಿ, ಅದು ತಿರುಗುವ ದಿಕ್ಕಿಗೇ ಸ್ವಲ್ಪ ತಿರುಗಿಸಿ ಬಿಟ್ಟರು. ತಟ್ಟನೆ ವಾಪಸ್ ಬರಬೇಕಿತ್ತು. ಬರಲಿಲ್ಲ. ಒಳಗೆ ಎರಡು ತೂಕದ ತುಂಡು ಇರುತ್ತವೆ, ಇಂಜಿನ್ ಜೋರಾದಂತೆ ಅವು ಹೊರಕ್ಕೆ ಸರಿದು ಕಿಡಿಯನ್ನು ಬೇಗ ಹಾರಿಸುತ್ತವೆ. ಅವನ್ನು ಹಿಡಿದಿಡಲು ಎರಡು ಸ್ಪ್ರಿಂಗ್ ಇರುತ್ತವೆ. ನನ್ನದರಲ್ಲಿ ಒಂದು ಸ್ಪ್ರಿಂಗ್ ಇರಲೇ ಇಲ್ಲ. ಹಾಗಾಗಿ ಕಿಡಿ ಹಾರಬೇಕಾದ್ದಕ್ಕಿಂತ ಬೇಗ ಹಾರುತ್ತಿತ್ತು. ಬೆಟ್ಟದಲ್ಲಿ ಕೇಳಿದ ಕಟಕಟ ಅದೇ.

ಕ್ಯಾಪು ಹೊಸದು, ರೋಟರ್ ಹೊಸದು, ಪಾಯಿಂಟ್ ಹೊಸದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದೆಲ್ಲ ಹೊಸದು. ಸಿಗದೇ ಇರುವ ಬಾಡಿ ಮಾತ್ರ ಗುಜರಿಯದು, ಮೇಲೆ ಸಿಲ್ವರ್ ಪೇಂಟು. ಬೀಗದ ಕೈಯಲ್ಲಿ ಕೆರೆದರೆ ಕೆಳಗೆ ಬರೀ ಕಿಲುಬು.

"ನಿಂದಕ್ಕೆ ಶಾಫ್ಟ್ ಹಿಡಿಯೋ ಬುಷ್ ಸವೆದಿತ್ತು ಅಷ್ಟೇ ಕಣಪ್ಪಾ. ಲೇತಲ್ಲಿ ಗನ್‌ಮೆಟಲ್ ಬುಷ್ ಮಾಡಿಸಿ ಹಾಕಿದ್ರೆ ಮುಗೀತಿತ್ತು."

ಸೀದಾ ಆ ಗ್ಯಾರೇಜಿಗೆ ಹೋದೆ. ಹಳೇದು ಕೊಡಪ್ಪಾ ಅಂದೆ. "ಅಯ್ಯೋ, ಗುಜರಿಗೆ ಹಾಕ್ಬಿಟ್ವಿ ಸಾರ್, ನೀವು ಕೇಳ್ಲೇ ಇಲ್ವಲ್ಲ" ಅಂದ. ನಲವತ್ತು ವರ್ಷ ಒಂದೇ ಗಾಡಿಯಲ್ಲಿ ಓಡಿದ, ಎರಡೂ ಸ್ಪ್ರಿಂಗ್ ಇದ್ದ ಡೆಲ್ಕೋವನ್ನು ಇವನು ಗುಜರಿಗೆ ಹಾಕಿದ ಅಂತ ನಾನು ನಂಬಬೇಕು! ದುಡ್ಡು ವಾಪಸ್ ಕೇಳಿದರೆ ಯಾವ ದುಡ್ಡು ಅಂದ. ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಆದರೆ ಬಿಲ್ಲಿಲ್ಲದೆ, ಕ್ಯಾಶ್ ಕೊಟ್ಟು, ಏನು ತೋರಿಸಲಿ? ಫೋನಿನಲ್ಲಿ ಕಳಿಸಿದ್ದರೆ ಕೊನೇಪಕ್ಷ ಅದರ ದಾಖಲೆಯಾದರೂ ಇರುತ್ತಿತ್ತು.

ಈಗ ಅವನು ಕೊಟ್ಟ ಆ ಬಣ್ಣ ಬಳಿದ ಡೆಲ್ಕೋವನ್ನೇ ಅಂತರಸನಹಳ್ಳಿಯ ಲೇತಿನವರೊಬ್ಬರು ರಿಪೇರಿ ಮಾಡಿದ್ದಾರೆ. ಬುಷ್‌ಗೆ 900 ರೂಪಾಯಿ. ಸ್ಪ್ರಿಂಗ್ ಇನ್ನೂ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ಬೆಟ್ಟ ಬಂದ್. ಗಾಡಿ ಬಿಡುವ ಮುಂಚೆ ಇಂಥ ಪಾರ್ಟ್‌ನ ಫೋಟೋ ತೆಗೆದಿಟ್ಟುಕೊಳ್ಳಿ, ಕಾಣದ ಜಾಗದಲ್ಲಿ ಒಂದು ಗುರುತು ಕೆತ್ತಿ, ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸುವ ಹಾಗೆ. ಕೆಟ್ಟದ್ದಾದರೂ ಸರಿ, ಬಿಚ್ಚಿದ್ದು ನಿಮ್ಮ ಕೈಗೆ ಬಂದ ಮೇಲೇ ದುಡ್ಡು ಕೊಡಿ.

ಅಂದಹಾಗೆ, ಲೇತಿನವರು ಪೇಂಟ್ ಪೂರ್ತಿ ತೆಗೆದಾಗ ಬಾಡಿಯ ಕೆಳಗೆ ಮೊಳೆಯಲ್ಲಿ ಗೀಚಿದ "ರ" ಅನ್ನುವ ಅಕ್ಷರ ಕಾಣಿಸಿತು. ಯಾರೋ ನನಗಿಂತ ಮುಂಚೆ ಗುರುತು ಹಾಕಿದ್ದಾರೆ. ನಿಮ್ಮದೇ ಆಗಿದ್ದರೆ ತಿಳಿಸಿ. ಹಾಗೇ ಇತ್ತೀಚೆಗೆ ಸಿಲ್ವರ್ ಬಣ್ಣದ ಡೆಲ್ಕೋ ಕೊಂಡಿದ್ದರೆ ಒಂದು ಸಲ ಕೆರೆದು ನೋಡಿ. ಒಳಗೆ ಎರಡು ಸ್ಪ್ರಿಂಗೂ ಇದ್ದರೆ ಅದು ನನ್ನದಿರಬಹುದು.