ಪ್ರೆಸ್ಟನ್ ಸ್ಟರ್ಜಸ್ ಚಿತ್ರಗಳು: ಯಾವುದು ಮೊದಲು, ಯಾವುದು ಮೇಲು?

ಹಾಲಿವುಡ್ ಚಿತ್ರಕಥೆಗಾರ ಪ್ರೆಸ್ಟನ್ ಸ್ಟರ್ಜಸ್ 'ದಿ ಗ್ರೇಟ್ ಮ್ಯಾಕ್‌ಗಿಂಟಿ'ಯ (1940) ಚಿತ್ರಕಥೆಯನ್ನು ಪ್ಯಾರಾಮೌಂಟ್ ಸ್ಟುಡಿಯೋಗೆ 10 ಡಾಲರಿಗೆ ಕೊಟ್ಟು, ಅದರ ಬದಲಿಗೆ ನಿರ್ದೇಶನದ ಅವಕಾಶ ಪಡೆದ. ಚಿತ್ರಕಥೆಗೆ ಆಸ್ಕರ್ ಕೂಡ ಬಂತು. ಇವನ ಚಿತ್ರಗಳ ಜೀವಾಳ ಮಾತು. ಇಬ್ಬರು ಮಾತಾಡುತ್ತಿರುವಾಗಲೇ ಮೂರನೆಯವನು ಬಾಯಿ ಹಾಕುತ್ತಾನೆ. ಹಾಗಾಗಿ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಸಬ್‌ಟೈಟಲ್ ಹಾಕಿಕೊಂಡೇ ನೋಡುವುದು ಒಳ್ಳೆಯದು.

ಎಲ್ಲರೂ ಮೊದಲು ಹೆಸರಿಸುವುದು 'ಸಲಿವನ್ಸ್ ಟ್ರಾವೆಲ್ಸ್'. ಆದರೆ ಹೊಸಬರು 'ದಿ ಲೇಡಿ ಈವ್'ನಿಂದ (1941) ಶುರು ಮಾಡಲಿ. ಅದರಲ್ಲಿ ಹಡಗಿನ ಊಟದ ಹಾಲ್‌ನ ಒಂದು ದೃಶ್ಯವಿದೆ. ಬಿಯರ್ ಕಂಪನಿಯ ಶ್ರೀಮಂತ ವಾರಸುದಾರ ಹೆನ್ರಿ ಫಾಂಡಾ ಹಾವುಗಳ ಬಗೆಗಿನ ಪುಸ್ತಕ ಹಿಡಿದು ಒಬ್ಬನೇ ಕೂತಿದ್ದಾನೆ. ಇಸ್ಪೀಟಿನಲ್ಲಿ ಮೋಸ ಮಾಡಿ ಬದುಕುವ ಬಾರ್ಬರಾ ಸ್ಟ್ಯಾನ್‌ವಿಕ್ ಅವನಿಗೆ ಬೆನ್ನು ಹಾಕಿ, ಪೌಡರ್ ಡಬ್ಬಿಯ ಪುಟ್ಟ ಕನ್ನಡಿಯಲ್ಲಿ ಅವನನ್ನು ಗಮನಿಸುತ್ತಾಳೆ. ನಾವೂ ಆ ಕನ್ನಡಿಯಲ್ಲೇ ನೋಡುತ್ತೇವೆ. ಅವನ ಕಣ್ಣಿಗೆ ಬೀಳಲು ಹೆಂಗಸರು ಹೂಡುವ ಒಂದೊಂದು ಆಟಕ್ಕೂ ಅವಳು ಕ್ರಿಕೆಟ್ ಕಾಮೆಂಟರಿಯಂತೆ ವಿವರಣೆ ಕೊಡುತ್ತಾ ಹೋಗುತ್ತಾಳೆ. ಕೊನೆಗೆ ಅವನು ಎದ್ದು ಹೊರಟಾಗ ಕಾಲು ಅಡ್ಡ ಇಟ್ಟು ಬೀಳಿಸಿ, ತನ್ನ ಚಪ್ಪಲಿಯ ಹೀಲ್ ಮುರಿಯಿತೆಂದು ಅವನನ್ನೇ ಗದರುತ್ತಾಳೆ. ಹಣವಂತನ ಸುತ್ತ ನಡೆಯುವ ಇಡೀ ವ್ಯವಹಾರ ಆ ಕೆಲವೇ ನಿಮಿಷಗಳಲ್ಲಿದೆ. ಉತ್ತರಾರ್ಧದಲ್ಲಿ ಫಾಂಡಾ ಬೀಳುವುದು ಒಂದೆರಡು ಸಲ ಹೆಚ್ಚಾಯಿತು ಅನ್ನಿಸುತ್ತದೆ, ಅಷ್ಟೇ.

'ಸಲಿವನ್ಸ್ ಟ್ರಾವೆಲ್ಸ್' (1941) ಅಷ್ಟು ಸರಾಗವಲ್ಲ. ಹಾಸ್ಯಚಿತ್ರಗಳ ನಿರ್ದೇಶಕನೊಬ್ಬ ಬಡತನ ಅರಿಯಲು ಹರಕು ಬಟ್ಟೆ ತೊಟ್ಟು ಹೊರಡುತ್ತಾನೆ. ಮೊದಲ ಅರ್ಧ ಗಂಟೆಯ ವಾಹನ ಓಟ, ಈಜುಕೊಳದ ಬೀಳಾಟ ಇವತ್ತಿಗೆ ಹಳತಾಗಿವೆ. ಚಿತ್ರ ಮನಸ್ಸಿಗೆ ನಾಟುವುದು ಎರಡು ಕಡೆ: ನಿರಾಶ್ರಿತರ ನಡುವೆ ಮಾತಿಲ್ಲದೆ ಸಾಗುವ ಭಾಗ, ಮತ್ತು ಸರಪಳಿ ತೊಟ್ಟ ಕೈದಿಗಳು ಕಪ್ಪು ಜನರ ಚರ್ಚಿನಲ್ಲಿ ಪ್ಲೂಟೋ ಕಾರ್ಟೂನ್ ನೋಡಿ ನಗುವ ದೃಶ್ಯ. ಜನರಿಗೆ ನಗು ಕೊಟ್ಟರೆ ಸಾಕು ಎಂಬುದು ಚಿತ್ರದ ತೀರ್ಮಾನ. ಆದರೆ ಅದರ ಅತ್ಯುತ್ತಮ ಭಾಗಗಳು ಹಾಸ್ಯದವಲ್ಲ. ಈ ಬಿರುಕು ಕೊನೆಯವರೆಗೂ ಕೂಡಿಕೊಳ್ಳುವುದಿಲ್ಲ.

ನಿಜವಾದ ಪೈಪೋಟಿ ಇರುವುದು 1944ರ ಎರಡು ಚಿತ್ರಗಳ ನಡುವೆ. ಎರಡರಲ್ಲೂ ಎಡ್ಡಿ ಬ್ರ್ಯಾಕನ್ ನಾಯಕ, ಎರಡರಲ್ಲೂ ಯುದ್ಧಕಾಲದ ಸಣ್ಣ ಊರು, ಎರಡರ ಚಿತ್ರಕಥೆಗೂ ಆಸ್ಕರ್ ನಾಮನಿರ್ದೇಶನ. 'ದಿ ಮಿರಾಕಲ್ ಆಫ್ ಮಾರ್ಗನ್ಸ್ ಕ್ರೀಕ್'ನಲ್ಲಿ ಹುಡುಗಿಯೊಬ್ಬಳು ಸೈನಿಕರ ಬೀಳ್ಕೊಡುಗೆಯ ರಾತ್ರಿ ಯಾರನ್ನೋ ಮದುವೆಯಾಗಿ, ಗಂಡನ ಹೆಸರೇ ನೆನಪಿಲ್ಲದೆ ಬಸುರಿಯಾಗುತ್ತಾಳೆ. ಸೆನ್ಸಾರ್ ಬಿಗಿಯಾಗಿದ್ದ ಕಾಲದಲ್ಲಿ ಇದು ದಾಟಿಹೋದದ್ದೇ ದೊಡ್ಡದು. ಬೀದಿಯುದ್ದಕ್ಕೂ ಕಟ್ ಇಲ್ಲದೆ ನಡೆಯುತ್ತಾ ಮಾತಾಡುವ ಟೇಕ್‌ಗಳು ಅದ್ಭುತ. ಆದರೆ ಕೂಗಾಟ ಜಾಸ್ತಿ, ಒಂದು ಗಂಟೆಯ ನಂತರ ತಲೆ ಸಿಡಿಯುತ್ತದೆ.

'ಹೇಲ್ ದಿ ಕಾಂಕರಿಂಗ್ ಹೀರೋ' ಇದಕ್ಕಿಂತ ಮೇಲು. ಅಲರ್ಜಿಯ ಸೀನು ರೋಗದಿಂದಾಗಿ ನೌಕಾದಳದ ಮೆರೀನ್ ಪಡೆಯಿಂದ ಹೊರಬಿದ್ದ ಹುಡುಗ, ವಿದೇಶದಲ್ಲಿ ಹೋರಾಡುತ್ತಿದ್ದೇನೆಂದು ಅಮ್ಮನಿಗೆ ಸುಳ್ಳು ಹೇಳಿಕೊಂಡಿರುತ್ತಾನೆ. ಆರು ಮಂದಿ ಮೆರೀನ್‌ಗಳು ಅವನನ್ನು ಊರಿಗೆ ಎಳೆತರುತ್ತಾರೆ. ಸ್ಟೇಷನ್ನಿನಲ್ಲಿ ಬ್ಯಾಂಡ್‌ಗಳು ಹೇಳಿದ್ದಕ್ಕಿಂತ ಮೊದಲೇ ಊದತೊಡಗುತ್ತವೆ. ಊರವರು ಅವನ ಅಮ್ಮನ ಮನೆಯ ಅಡಮಾನ ಪತ್ರ ಸುಡುತ್ತಾರೆ, ಮೇಯರ್ ಚುನಾವಣೆಗೆ ನಿಲ್ಲಿಸುತ್ತಾರೆ. ಇಲ್ಲಿ ಕೇಡಿಗರೇ ಇಲ್ಲ. ಸುಳ್ಳನ್ನು ಬೆಳೆಸುವುದು ಜನರ ಪ್ರೀತಿಯೇ. ದೇಶ ಇನ್ನೂ ಯುದ್ಧದಲ್ಲಿದ್ದಾಗ ಇದನ್ನು ಇಷ್ಟು ಮಮತೆಯಿಂದ, ಇಷ್ಟು ಚೂಪಾಗಿ ಬೇರೆ ಯಾರು ಹೇಳಿದರು?

'ದಿ ಪಾಮ್ ಬೀಚ್ ಸ್ಟೋರಿ' (1942) ಹಗುರ. ಟೈಟಲ್ ಕಾರ್ಡ್‌ಗಳ ಜೊತೆ ಓಡುವ ಮದುವೆಯ ಗಡಿಬಿಡಿಯನ್ನು ಮಾತ್ರ ತಪ್ಪಿಸಬೇಡಿ, ಅದಿಲ್ಲದೆ ಕ್ಲೈಮ್ಯಾಕ್ಸ್ ಅರ್ಥವಾಗುವುದಿಲ್ಲ. 'ಅನ್‌ಫೇತ್‌ಫುಲಿ ಯುವರ್ಸ್'ನಲ್ಲಿ (1948) ರೆಕ್ಸ್ ಹ್ಯಾರಿಸನ್ ಆರ್ಕೆಸ್ಟ್ರಾ ನಡೆಸುತ್ತಲೇ ಹೆಂಡತಿ ಮೋಸ ಮಾಡಿದ್ದಾಳೆಂದು ಅನುಮಾನಿಸಿ, ತಾನು ಏನು ಮಾಡಬೇಕೆಂಬುದನ್ನು ರೊಸ್ಸಿನಿ, ವಾಗ್ನರ್, ಚೈಕೋವ್‌ಸ್ಕಿ ಸಂಗೀತಕ್ಕೆ ತಕ್ಕಂತೆ ಮೂರು ಬಗೆಯಲ್ಲಿ ಊಹಿಸಿಕೊಳ್ಳುತ್ತಾನೆ. ಸಂಗೀತ ನಿಂತು ಮನೆಗೆ ಬಂದು ನಿಜವಾಗಿ ಮಾಡಹೊರಟಾಗ, ಧ್ವನಿಮುದ್ರಣದ ಯಂತ್ರವನ್ನು ನಡೆಸುವುದಕ್ಕೂ ಅವನ ಕೈಯಲ್ಲಿ ಆಗುವುದಿಲ್ಲ.