ಮಾಂಡೋವಿ ದಡದ ಎರಡು ಕೋಟೆಗಳು: ಮೊದಲು ಯಾವುದನ್ನು ನೋಡಬೇಕು?

ಹುಬ್ಬಳ್ಳಿ, ಧಾರವಾಡಗಳಿಂದ ಗೋವಾದ ವಾಸ್ಕೋದಲ್ಲಿರುವ ನಮ್ಮ ಮನೆಗೆ ಬರುವ ನೆಂಟರಿಷ್ಟರನ್ನು ನಾನು ತಪ್ಪದೆ ಕರೆದೊಯ್ಯುವುದು ಮಾಂಡೋವಿ ನದಿಯ ಉತ್ತರ ದಂಡೆಗೆ. ಅಲ್ಲಿನ ರೇಯಿಸ್ ಮಾಗೋಸ್ ಮತ್ತು ಅಗ್ವಾದ ಕೋಟೆಗಳೆರಡನ್ನೂ ಪೋರ್ಚುಗೀಸರು ಕಟ್ಟಿದರು; ಎರಡೂ ಸೆರೆಮನೆಗಳಾಗಿದ್ದು, ಈಗ ಜೀರ್ಣೋದ್ಧಾರಗೊಂಡು ವಸ್ತುಸಂಗ್ರಹಾಲಯಗಳಾಗಿವೆ. ಅರ್ಧ ದಿನವಷ್ಟೇ ಬಿಡುವಿರುವವರಿಗೆ ನಾನು ಹೇಳುವುದು ರೇಯಿಸ್ ಮಾಗೋಸ್ ಹೆಸರನ್ನೇ.

ಅಲ್ಲಿ ಕೋಟೆಯೇ ಮುಖ್ಯ ಪ್ರದರ್ಶನ. ಬಿಜಾಪುರದ ಆದಿಲಶಾಹಿಗಳ ಕಾವಲು ಠಾಣೆಯಿದ್ದ ಗುಡ್ಡದ ಮೇಲೆ 1551ರಲ್ಲಿ ಎದ್ದ ಈ ಕೋಟೆಯ ಬುರುಜಿನಲ್ಲಿ ನಿಂತು ಎದುರಿನ ಪಣಜಿಯನ್ನು ನೋಡಿದರೆ, ಖಾನಾಪುರದ ಕಾಡಿನಲ್ಲಿ ಹುಟ್ಟಿ ಇಲ್ಲಿ ಮಾಂಡೋವಿ ಎನಿಸಿಕೊಳ್ಳುವ ನಮ್ಮ ಮಹದಾಯಿಯ ಮೂಲಕ ಒಳನುಗ್ಗುವ ಹಡಗುಗಳು ಇಲ್ಲಿನ ಫಿರಂಗಿಗಳ ಕಣ್ತಪ್ಪಿಸಿ ಹೋಗುವುದು ಎಷ್ಟು ಕಷ್ಟವಿತ್ತೆಂಬುದು ಯಾರೂ ವಿವರಿಸದೆಯೇ ತಿಳಿಯುತ್ತದೆ. 1993ರವರೆಗೆ ಜೈಲಾಗಿದ್ದ ಕಟ್ಟಡವನ್ನು ಬ್ರಿಟನ್ನಿನ ಹೆಲೆನ್ ಹ್ಯಾಮ್ಲಿನ್ ಟ್ರಸ್ಟ್, ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್ ಮತ್ತು ಗೋವಾ ಸರ್ಕಾರ ಸೇರಿ ದುರಸ್ತಿ ಮಾಡಿಸಿದವು. ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ. 2012ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಜಂಬಿಟ್ಟಿಗೆಯ ದಪ್ಪ ಗೋಡೆಗಳ ನಡುವಿನ ಪ್ರವೇಶ ಮಾರ್ಗದಲ್ಲಿ ತಲೆ ಎತ್ತಿದರೆ, ನುಗ್ಗಿಬರುವ ಶತ್ರುಗಳ ಮೇಲೆ ಕುದಿಯುವ ಎಣ್ಣೆ ಸುರಿಯಲೆಂದು ಬಿಟ್ಟ ರಂಧ್ರ ಕಾಣುತ್ತದೆ. ಮಕ್ಕಳು ಅಲ್ಲಿಂದ ಸುಲಭಕ್ಕೆ ಕದಲುವುದಿಲ್ಲ. ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡರ ಚಿತ್ರಗಳ ಗ್ಯಾಲರಿಗೂ ಕೋಟೆಯ ಇತಿಹಾಸಕ್ಕೂ ನೇರ ಸಂಬಂಧ ಕಡಿಮೆ ಎಂದೇ ನನ್ನ ಅಭಿಪ್ರಾಯ. ಆದರೆ ಹಿರಿಯರು ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ.

1612ರ ಅಗ್ವಾದ ವಿಸ್ತಾರದಲ್ಲಿ ಬಹಳ ದೊಡ್ಡದು. ಮೇಲಿನ ಕೋಟೆಯಲ್ಲಿ ಕಂದಕ, ಹಳೆಯ ದೀಪಸ್ತಂಭ ಮತ್ತು ಹಡಗುಗಳಿಗೆ ಸಿಹಿನೀರು ಒದಗಿಸಲು ಕಟ್ಟಿದ ಭಾರಿ ನೆಲಮಾಳಿಗೆ ತೊಟ್ಟಿಯಿದೆ, ನೆರಳಿಲ್ಲ. ವಸ್ತುಸಂಗ್ರಹಾಲಯವಿರುವುದು ಕೆಳಗೆ ಸಮುದ್ರದಂಚಿನ ಹಳೆಯ ಜೈಲಿನಲ್ಲಿ. ಅದಕ್ಕೆ ಬೇರೆ ದಾರಿಯಿರುವುದರಿಂದ ಹಲವರು ದೀಪಸ್ತಂಭದ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಇದು ನಿಜಕ್ಕೂ ನಷ್ಟ. 2021ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಈ ಭಾಗದಲ್ಲಿ ಪೋರ್ಚುಗೀಸ್ ಆಳ್ವಿಕೆಯ ವಿರುದ್ಧ ಹೋರಾಡಿ 1946ರಲ್ಲಿ ಬಂಧಿತರಾದ ರಾಮಮನೋಹರ ಲೋಹಿಯಾ ಮತ್ತು ಟಿ. ಬಿ. ಕುನ್ಹಾ ಅವರ ನೆನಪಿಗೆ ಮೀಸಲಾದ ಕೋಣೆಗಳಿವೆ. ಇಲ್ಲಿ ಕಲ್ಲಿಗಿಂತ ಮನುಷ್ಯರೇ ಮುಖ್ಯರಾಗುತ್ತಾರೆ. 1955ರ ಗೋವಾ ವಿಮೋಚನಾ ಸತ್ಯಾಗ್ರಹಕ್ಕಾಗಿ ಗೋವಾದಲ್ಲಿ ಸೆರೆವಾಸ ಅನುಭವಿಸಿದ ನರಗುಂದದ ಜಗನ್ನಾಥರಾವ್ ಜೋಶಿಯವರ ವಿಷಯ ಬಲ್ಲ ಕನ್ನಡಿಗರಿಗೆ ಆ ಕೋಣೆಗಳ ಮುಂದೆ ನಿಂತಾಗ ಮನಸ್ಸು ಭಾರವಾಗದೆ ಇರದು. ಅಂಥವರು ಬಂದಾಗ ಮಾತ್ರ ನಾನು ಕ್ರಮ ಬದಲಿಸಿ, ಮೊದಲು ಅಗ್ವಾದದ ಜೈಲಿಗೇ ಕರೆದೊಯ್ಯುತ್ತೇನೆ.